ನೀರು ನಿಲ್ಲದ ನೆಲ

ಮೈಥಿಲಿಗೆ ಮನೆಗಳ ಮೇಲೆ ಎಂದೂ ಸಿಟ್ಟು ಬಂದದ್ದಿಲ್ಲ. ಬಂದದ್ದೆಲ್ಲ ಮನೆಯವರ ಮೇಲೆ. ಮೈಸೂರು ಬಿಟ್ಟು ಬಂದು ಓಕ್ಲ್ಯಾಂಡಿನಲ್ಲಿ ಅವಳು ಹಿಡಿದ ಕೆಲಸವೇ ಅಂಥದ್ದು. ನೂರು ವರ್ಷ ದಾಟಿದ ಮನೆಯೊಂದನ್ನು ಯಾರೋ ಕೊಳ್ಳುತ್ತಾರೆ, ಅದನ್ನು ಹೊಸದು ಮಾಡಿಕೊಳ್ಳಬೇಕು ಎನ್ನುತ್ತಾರೆ. ರಿಪೇರಿಯವರು ಸುತ್ತಿಗೆ ಹಿಡಿದು ಒಳಗೆ ಬರುವ ಮೊದಲು ಮೈಥಿಲಿ ಹೋಗಿ ಅದನ್ನು ತಳದಿಂದ ಸೂರಿನ ತನಕ ಪರೀಕ್ಷಿಸಬೇಕು. ಏನು ಗಟ್ಟಿ, ಏನು ಟೊಳ್ಳು, ಯಾವುದು ಉಳಿಯಲೇಬೇಕು, ಉಳಿಯಬೇಕಾದದ್ದನ್ನು ಕೆಲಸ ಮುಗಿಯುವ ತನಕ ಹೇಗೆ ಮುಚ್ಚಿ ಕಾಯಬೇಕು ಎಂದು ಹೇಳಬೇಕು. ಅವಳು ಹೇಳುತ್ತಾಳೆ. ಎಲ್ಲರೂ ತಲೆದೂಗುತ್ತಾರೆ. ಆಮೇಲೆ ತಮಗೆ ಬೇಕಾದದ್ದನ್ನೇ ಮಾಡುತ್ತಾರೆ. ಕಳೆದ ವರ್ಷ ಅವಳು ನೋಡಿದ ಮನೆಗಳಲ್ಲಿ ಒಂದರ ಒಳಗೂ ಹಳೆಯದೆಂಬುದು ಉಳಿಯಲಿಲ್ಲ. ಹೊರಗೆ ಅಜ್ಜಿಯ ಮುಖ, ಒಳಗೆ ಹೋಟೆಲ್ ರೂಮು.

ಹೀಗಿರುವಾಗ ಸಂತೋಷಕುಮಾರ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಿದ್ದೇ ತಡ, ಅವಳಿಗೆ ಅರ್ಧ ಕೆಲಸ ಮುಗಿದಂತೆ ಅನ್ನಿಸಿತ್ತು. ನಮ್ಮ ಭಾಷೆಯಲ್ಲೇ ಹೇಳಬಹುದು, ಹೇಳಿದರೆ ಅರ್ಥವಾಗುತ್ತದೆ ಎಂದುಕೊಂಡಳು. ಎಷ್ಟು ದೊಡ್ಡ ಭ್ರಮೆ! ಇಂಗ್ಲಿಷಿನವರು ಅವಳ ಮಾತನ್ನು ಒಪ್ಪಿದಂತೆ ನಟಿಸಿ ಮೀರುತ್ತಿದ್ದರು. ಇವರು ಎದುರಿಗೇ ವಾದ ಮಾಡಿ, ಚಹಾ ಕುಡಿಸಿ, ಊಟ ಹಾಕಿ, ಆಮೇಲೆ ಮೀರುವವರು.

ಸಂತೋಷಕುಮಾರ ವಿಜಯಪುರದ ಕಡೆಯವನು, ಎಂಜಿನಿಯರು. ಹೆಂಡತಿ ನಿವೇದಿತಾ ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಇಬ್ಬರೂ ಅವನ ತಾಯಿ ದ್ಯಾಮವ್ವನೊಡನೆ ಎವರ್‌ಗ್ರೀನ್ ಎಂಬ ದೂರದ ಬಡಾವಣೆಯಲ್ಲಿದ್ದರು. ದಿನಾ ಫ್ರೀವೇಯಲ್ಲಿ ಒದ್ದಾಡಿ ಬೇಸತ್ತ ನಿವೇದಿತಾ ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಈ ಹಳೆಯ ಮರದ ಮನೆಯನ್ನು ಹುಡುಕಿದ್ದಳು. ಕೊಂಡದ್ದೇ ಅದರ ಊಟದ ಕೋಣೆಯ ಚಾವಣಿಗೆ ಮರುಳಾಗಿ. ಯಾವ ಕಾಲದ ಯಾವ ಕೈಯೋ, ಬಿಳಿ ಗಾರೆಯಲ್ಲಿ ದ್ರಾಕ್ಷಿಬಳ್ಳಿಯನ್ನು ನಾಲ್ಕೂ ಅಂಚಿಗೆ ಹರಿಬಿಟ್ಟಿತ್ತು. ಎಲೆಗಳ ಎಡೆಯಲ್ಲಿ ಗೊನೆಗಳು ಜೋತುಬಿದ್ದಿದ್ದವು. ಮೊದಲ ದಿನ ದ್ಯಾಮವ್ವ ಕತ್ತೆತ್ತಿ ನೋಡಿ, "ನಮ್ಮ ಕಡೆ ಗೊನಿ ಇದಕ್ಕಿಂತ ದೊಡ್ಡವು ಇರ್ತಾವ," ಎಂದು ತೀರ್ಪು ಕೊಟ್ಟಿದ್ದಳು.

ಚಾವಣಿಗೆ ಕುತ್ತು ಬಂದದ್ದು ಕಂಟ್ರಾಕ್ಟರ್ ಹನುಮಂತರಾಜುವಿನಿಂದ. ಬೆಂಗಳೂರಿನವನು, ಮಾತಿನಲ್ಲಿ ಬೆಣ್ಣೆ. "ಸಾರ್, ಹಳೇ ಗಾರೆ ಯಾವತ್ತಿದ್ರೂ ತಲೆ ಮೇಲೆ ಬೀಳೋದೇ. ಪೂರ್ತಿ ತೆಗೆದು ಡ್ರೈವಾಲು ಶೀಟು ಹೊಡ್ದುಬಿಟ್ರೆ ನೀಟಾಗಿರತ್ತೆ. ಜೊತೆಗೆ ಆ ಗೋಡೆನೂ ತೆಗೆದ್ರೆ ಕಿಚನ್ನು ಓಪನ್ ಆಗತ್ತೆ," ಎಂದು ಸಂತೋಷಕುಮಾರನ ಕಿವಿ ತುಂಬಿದ್ದ. ನಗರದ ನಿಯಮ ಕಾಯುತ್ತಿದ್ದುದು ಮನೆಯ ಹೊರಮುಖವನ್ನು ಮಾತ್ರ. ಒಳಗಿನದು ಯಜಮಾನನ ಇಷ್ಟ.

ಮೈಥಿಲಿ ಚಕ್ರವಿರುವ ಅಟ್ಟಣಿಗೆ ಹತ್ತಿ ಚಾವಣಿಯನ್ನು ಅಂಗುಲ ಅಂಗುಲವಾಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ್ದಳು, ಹಲಸಿನ ಹಣ್ಣು ತಟ್ಟಿದ ಹಾಗೆ. ಗಾರೆಯ ಹಿಂದೆ ಮರದ ತೆಳುಪಟ್ಟಿಗಳಿರುತ್ತವೆ. ಹಸಿ ಗಾರೆ ಆ ಪಟ್ಟಿಗಳ ಸಂದಿಯಲ್ಲಿ ತೂರಿ ಹಿಂಬದಿಯಲ್ಲಿ ಗಂಟಾಗಿ ಕುಳಿತಿರುತ್ತದೆ. ಆ ಗಂಟುಗಳಿರುವ ತನಕ ಚಾವಣಿ ಇರುತ್ತದೆ. ಇಲ್ಲಿ ಗಂಟುಗಳು ಬಹುಪಾಲು ಗಟ್ಟಿಯಾಗಿದ್ದವು. ಮೇಲಿನಿಂದಲೂ ಖಚಿತ ಮಾಡಿಕೊಳ್ಳಲು ಅವಳು ಮಹಡಿಯ ನೆಲಕ್ಕೆ ಅಂಟಿಸಿದ್ದ ಹಳೆಯ ಲಿನೋಲಿಯಮ್ ಹಾಸನ್ನು ಕಿತ್ತು, ಹಲಗೆಗಳ ಬಿರುಕಿನಲ್ಲಿ ಟಾರ್ಚು ಬಿಟ್ಟು ನೋಡಿದ್ದಳು.

"ಇದು ನಿಲ್ಲತ್ತೆ. ಟೊಳ್ಳಾಗಿರೋ ಕಡೆ ಅಂಟು ತುಂಬಿ ಮೇಲಕ್ಕೆ ಬಿಗಿದರೆ ಸಾಕು," ಎಂದು ಅವಳು ಹೇಳಿದಾಗ ಸಂತೋಷಕುಮಾರ ಎಂಜಿನಿಯರಿನಂತೆಯೇ ಉತ್ತರಿಸಿದ್ದ.

"ಸರಿ ಮೈಥಿಲಿ ಅವರೇ. ಸೋಮವಾರ ರಾಜು ಕೆಲಸ ಸ್ಟಾರ್ಟ್ ಮಾಡ್ತಾರೆ. ಅಷ್ಟ್ರೊಳಗೆ ಒಂದು ಪೀಸೂ ಬೀಳ್ಲಿಲ್ಲ ಅಂದ್ರೆ ಸೀಲಿಂಗು ನಿಮ್ದು. ಬಿತ್ತು ಅಂದ್ರೆ ಡ್ರೈವಾಲು. ಡೀಲ್?"

ಅವಳು ಒಪ್ಪಿದಳು. ಇಷ್ಟು ವರ್ಷ ನಿಂತದ್ದು ಸೋಮವಾರದ ತನಕ ನಿಲ್ಲದೆ ಏನು!

ಆದರೆ ಸೋಮವಾರಕ್ಕೆ ಮುಂಚೆ ಶನಿವಾರವಿತ್ತು. ಆಷಾಢ ಹತ್ತಿರ ಬಂದಿತ್ತು. ಅದು ಹಿಡಿದರೆ ಗೃಹಪ್ರವೇಶ ಮಾಡುವ ಹಾಗಿಲ್ಲ. ರಿಪೇರಿ ಮುಗಿದ ಮೇಲೆ ಮಾಡಿ ಎಂದರೆ ದ್ಯಾಮವ್ವ ಸುತರಾಂ ಒಪ್ಪಲಿಲ್ಲ. ಹಾಲು ಉಕ್ಕಿಸದ ಮನೆಯಲ್ಲಿ ಸುತ್ತಿಗೆ ಎತ್ತಬಾರದಂತೆ. ಮೈಥಿಲಿಗೆ ತಲೆ ಚಿಟ್ಟು ಹಿಡಿಯಿತು. ಆದರೂ ಕೂತು ಒಂದೊಂದನ್ನೂ ಚೌಕಾಶಿ ಮಾಡಿದಳು. ಹೋಮ ಒಳಗೆ ಬೇಡ, ಮಸಿ ಹಿಡಿಯುತ್ತದೆ, ಹಿತ್ತಲಲ್ಲಿ ಮಾಡಿ. ತೋರಣಕ್ಕೆ ಮೊಳೆ ಹೊಡೆಯಬೇಡಿ, ದಾರ ಕಟ್ಟಿ. ಅರಿಸಿನ ಹೊಸ್ತಿಲ ಮರಕ್ಕೆ ಹಚ್ಚಬೇಡಿ, ಕಲೆ ಹೋಗುವುದಿಲ್ಲ. ದೀಪ ತಟ್ಟೆಯಲ್ಲಿಡಿ. ತೆಂಗಿನಕಾಯಿಯನ್ನು ಮೆಟ್ಟಿಲಿಗೆ ಮಾತ್ರ ಒಡೆಯಬೇಡಿ ಎಂದು ಅವಳು ಹೇಳಿದಾಗ ದ್ಯಾಮವ್ವನ ಸಹನೆ ಮುಗಿದಿತ್ತು.

"ಇದೇನು ಮನಿಯೋ ಮದಲಗಿತ್ತಿಯೋ? ಒಂದೂ ಮುಟ್ಟೂ ಹಂಗಿಲ್ಲಲ್ಲ!"

"ಅಮ್ಮ, ಸ್ವಲ್ಪ ದಿನ ಅಷ್ಟೇ. ಮದುವಣಗಿತ್ತಿ ಅಂತಲೇ ತಿಳ್ಕೊಳ್ಳಿ."

ದ್ಯಾಮವ್ವ ಗೊಣಗಿದರೂ ಎಲ್ಲಕ್ಕೂ ಒಪ್ಪಿದಳು. ಒಪ್ಪಿದ್ದನ್ನು ತಪ್ಪುವ ಹೆಂಗಸಲ್ಲ ಎಂದು ಮೈಥಿಲಿಗೂ ಅನ್ನಿಸಿತು. ಕೆಳಗಿನ ನೆಲಕ್ಕೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಪ್ಲೈವುಡ್ ಹಲಗೆ ಜೋಡಿಸಿ, ಬಣ್ಣದ ಗಾಜಿನ ಕಿಟಕಿಗಳಿಗೆ ರಟ್ಟು ಕಟ್ಟಿ, ಗುರುವಾರ ಸಂಜೆ ಬೀಗ ಹಾಕಿ ಮನೆಗೆ ಹೋದಳು. ಬೆಂಕಿ, ಮಸಿ, ಎಣ್ಣೆ, ಮೊಳೆ, ಯಾವುದಕ್ಕೂ ದಾರಿ ಬಿಟ್ಟಿರಲಿಲ್ಲ.

ಶನಿವಾರ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆದಾಗ ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯಿತು. ಊಟದ ಕೋಣೆಗೆ ಓಡಿದಳು. ಚಾವಣಿಯ ಮೂಡಣ ಮೂಲೆ ಇರಲಿಲ್ಲ. ಅಲ್ಲಿ ಕಪ್ಪು ಮರದ ಪಟ್ಟಿಗಳು ಹಲ್ಲು ಕಿರಿದಿದ್ದವು. ಬಳ್ಳಿ, ಎಲೆ, ಗೊನೆ ಎಲ್ಲ ಒದ್ದೆ ಮುದ್ದೆಯಾಗಿ ಕೆಳಗೆ ಪ್ಲೈವುಡ್ಡಿನ ಮೇಲೆ ಬಿದ್ದಿದ್ದವು. ಉಳಿದ ಭಾಗದಲ್ಲಿ ಚಹಾದ ಬಣ್ಣದ ಕಲೆ ಹರಡಿತ್ತು, ನಡುವೆ ಗಾರೆ ಜೋಲುಬಿದ್ದು ಹೊಟ್ಟೆ ಬಿಟ್ಟಿತ್ತು. ಅದರ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಪೈಪು ಒಡೆದಿದೆ ಎಂದು ಮಹಡಿಗೆ ಓಡಿದಳು. ಪೈಪು ಒಡೆದಿರಲಿಲ್ಲ. ಮಹಡಿಯ ನೆಲ ಮಾತ್ರ ಕನ್ನಡಿಯಂತೆ ಶುಚಿಯಾಗಿತ್ತು. ಬಚ್ಚಲ ಬಾಗಿಲ ಬಳಿ ಒಂದು ಬಕೆಟ್ಟು ಬೋರಲಾಗಿತ್ತು, ಪಕ್ಕದಲ್ಲಿ ಹೊಸ ಕಡ್ಡಿ ಪೊರಕೆ. ಪ್ರತಿ ಬಾಗಿಲ ಮುಂದೂ ಹಾಳೆ ಹಾಸಿ, ಅದರ ಮೇಲೆ ಅಚ್ಚುಕಟ್ಟಾಗಿ ರಂಗೋಲಿ ಹಾಕಿತ್ತು. ನೆಲಕ್ಕೆ ಕಲೆಯಾಗಬಾರದಲ್ಲ, ಅದಕ್ಕೇ ಹಾಳೆ! ಮೈಥಿಲಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ.

ಅಷ್ಟರಲ್ಲಿ ಕೆಳಗೆ ಕಾರು ನಿಂತಿತು. ರೇಷ್ಮೆ ಸೀರೆಯ ನಿವೇದಿತಾ, ಪಂಚೆ ಉಟ್ಟ ಸಂತೋಷಕುಮಾರ, ಹೂವಿನ ಬುಟ್ಟಿ ಹಿಡಿದ ದ್ಯಾಮವ್ವ ಸಂಭ್ರಮದಿಂದ ಇಳಿದರು. ಹಿಂದೆಯೇ ಲಿವರ್‌ಮೋರ್ ಗುಡಿಯ ಪುರೋಹಿತರ ಕಾರೂ ಬಂತು. ಮೈಥಿಲಿ ಬಾಗಿಲಿಗೆ ಅಡ್ಡ ನಿಂತಳು.

"ಮಹಡಿಗೆ ನೀರು ಹಾಕಿದ್ದು ಯಾರು?"

ಅವಳ ದನಿಗೆ ಪುರೋಹಿತರು ಅಂಗಳದಲ್ಲೇ ನಿಂತರು. ದ್ಯಾಮವ್ವ ಮಾತ್ರ ಹಿಗ್ಗಿದಳು.

"ನಾ ಹಾಕಿದ್ನಿ. ನಿನ್ನೆ ನಿವೇದಿತಾ ಡ್ಯೂಟಿಗೆ ಹೋಗೂವಾಗ ನನ್ನ ಇಲ್ಲಿ ಇಳಿಸಿ ಹೋಗಿದ್ಲು. ಹೆಂಗ ಆಗೇತಿ ನೋಡಿದ್ಯೇನು? ಕೆಳಗ ನೀ ಹಲಗಿ ಮುಚ್ಚಿದ್ದಿ, ಅದನ್ನ ಮುಟ್ಟಲಿಲ್ಲ. ಮ್ಯಾಲಿನ ಖೋಲಿ ಅಷ್ಟೂ ಬಕೀಟಲೆ ನೀರು ಹೊಡದು ತೊಳದ್ನಿ. ಒಂದು ಮಾತು ಹೇಳ್ತೀನಿ ತಂಗಿ, ಈ ಮನಿ ನೆಲ ಭಾಳ ಛಲೋ ಐತಿ. ಎಷ್ಟು ಹಾಕಿದ್ರೂ ನೀರು ನಿಲ್ಲೂದಿಲ್ಲ. ಹಂಗ ಹಾಕೂದ್ರಾಗ ಆರಿ ಹೋಗ್ತೈತಿ!"

ಮೈಥಿಲಿ ಬಾಯಿ ತೆರೆದಳು. ಬೈಯಬೇಕು ಎಂದು ಅವಳ ಮೈಯೆಲ್ಲ ಉರಿಯುತ್ತಿತ್ತು, ಆದರೆ ಬೈಗುಳ ಗಂಟಲಿಗೆ ಬಂದು ಅಲ್ಲೇ ತಿರುಗಿ ಅವಳನ್ನೇ ನೋಡಿತು. ಮೈಸೂರಿನ ಮನೆಯಲ್ಲಿ ಹಬ್ಬದ ಮುನ್ನಾದಿನ ಮೊಸಾಯಿಕ್ ನೆಲಕ್ಕೆ ಬಕೆಟ್ಟುಗಟ್ಟಲೆ ನೀರು ಎರಚಿ, ಪೊರಕೆಯಿಂದ ಗುಡಿಸಿ ಮೂಲೆಯ ತೂತಿಗೆ ನೂಕುತ್ತಿದ್ದವಳು ಯಾರು? ಅವಳೇ. ಶುಭಕಾರ್ಯಕ್ಕೆ ಮುಂಚೆ ಮನೆ ತೊಳೆಯುತ್ತಾರೆ ಎಂಬುದು ಹುಟ್ಟಿದಾಗಿನಿಂದ ಗೊತ್ತು. ಎಷ್ಟು ಗೊತ್ತಿತ್ತೆಂದರೆ, ಬೇಡ ಎಂದು ಹೇಳಬೇಕೆನ್ನುವುದೇ ಹೊಳೆಯಲಿಲ್ಲ. ತೆಂಗಿನಕಾಯಿಗೆ ತಕರಾರು ಮಾಡಿದವಳು ನೀರನ್ನು ಮರೆತಿದ್ದಳು. ಸಾಲದ್ದಕ್ಕೆ ಮಹಡಿಯ ಲಿನೋಲಿಯಮ್ ಕಿತ್ತು ನೀರಿಗೆ ದಾರಿ ಮಾಡಿಕೊಟ್ಟವಳೂ ಅವಳೇ.

"ಒಳಗೆ ಬನ್ನಿ," ಎಂದಳು ಕೊನೆಗೆ. "ಊಟದ ಕೋಣೆಯ ಬಾಗಿಲಲ್ಲೇ ನಿಂತು ನೋಡಿ. ಯಾರೂ ಕೋಣೆಗೆ ಕಾಲಿಡಬೇಡಿ."

ನೋಡಿದರು. ನಿವೇದಿತಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ದ್ಯಾಮವ್ವ ಚಾವಣಿಯನ್ನು ನೋಡಿದಳು, ಕೆಳಗೆ ಬಿದ್ದ ಗೊನೆಗಳನ್ನು ನೋಡಿದಳು, ಮತ್ತೆ ಚಾವಣಿಯನ್ನು ನೋಡಿದಳು. ನೀರು ಎಲ್ಲಿಗೆ ಆರಿ ಹೋಗಿತ್ತೆಂಬುದು ಅವಳಿಗೆ ತಿಳಿಯಿತು. ಅವಳ ಮುಖ ಸಣ್ಣದಾಯಿತು.

ಸಂತೋಷಕುಮಾರ ಆಗಲೇ ಹನುಮಂತರಾಜುವಿಗೆ ಫೋನ್ ಹಚ್ಚಿದ್ದ. ಅವನು ಎತ್ತಲಿಲ್ಲ. "ರಾಜು ಅವರೇ, ಸೀಲಿಂಗು ಬಿದ್ದಿದೆ. ಸೋಮವಾರ ಪೂರ್ತಿ ತೆಗೆದುಬಿಡೋಣ, ಕಾಲ್ ಮಾಡಿ," ಎಂದು ಹೇಳಿಟ್ಟು ಮೈಥಿಲಿಯ ಕಡೆ ತಿರುಗಿದ. "ಸಾರಿ. ನಿಜವಾಗ್ಲೂ ಸಾರಿ. ಬಟ್ ಡೀಲು ಡೀಲೇ ಅಲ್ವಾ?"

"ಡೀಲಾ?" ಮೈಥಿಲಿಯ ಸಿಟ್ಟಿಗೆ ಈಗ ಒಂದು ದಾರಿ ಸಿಕ್ಕಿತು. "ಮಳೆ ಬಂದು ಬಿತ್ತಾ? ತಾನಾಗಿ ಬಿತ್ತಾ? ಬಕೆಟ್ಟುಗಟ್ಟಲೆ ನೀರು ಕುಡಿಸಿ ಬೀಳಿಸಿ, ಈಗ ಡೀಲು ಅಂತೀರಲ್ಲ! ಮೂರು ಪಾಲು ಇನ್ನೂ ನಿಂತಿದೆ ಕಾಣ್ತಿಲ್ವಾ ನಿಮಗೆ?"

"ನಿಂತಿದೆ ಅಷ್ಟೇ. ಆ ಹೊಟ್ಟೆ ನೋಡಿ. ಸಂಜೆಗೆ ಅದೂ ಬೀಳತ್ತೆ."

ಅದು ಸುಳ್ಳಾಗಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ರೇಗಿತು. ಹಸಿಯಾದ ಗಾರೆಯ ಭಾರಕ್ಕೆ ಗಂಟುಗಳು ಒಂದೊಂದಾಗಿ ಕಳಚುತ್ತವೆ. ಈಗಲೇ ಕೆಳಗಿನಿಂದ ಹಲಗೆ ಕೊಟ್ಟು ಕಂಬ ನಿಲ್ಲಿಸದಿದ್ದರೆ ಸಂಜೆಯ ತನಕವೂ ಕಾಯಬೇಕಾಗಿಲ್ಲ.

"ಮುಹೂರ್ತ ಹತ್ತಿರ ಬಂತು," ಎಂದು ಪುರೋಹಿತರು ಹಿತ್ತಲಿನಿಂದ ಕೂಗಿದರು.

ಸಂತೋಷಕುಮಾರ ಪಂಚೆ ಸರಿಮಾಡಿಕೊಂಡು ಹೊರಟ. ದ್ಯಾಮವ್ವ ಅವನ ರಟ್ಟೆ ಹಿಡಿದಳು. ಕೇಳಿದ್ದು ಮಾತ್ರ ಮೈಥಿಲಿಯನ್ನು.

"ಉಳದದ್ದು ನಿಲ್ತೈತೇನು, ತಂಗಿ?"

"ಗೊತ್ತಿಲ್ಲ ಅಮ್ಮ," ಎಂದಳು ಮೈಥಿಲಿ. ಸಮಾಧಾನ ಹೇಳುವ ಮನಸ್ಸೂ ಇರಲಿಲ್ಲ. "ಈಗಲೇ ಹಿಡಿದರೆ ನಿಲ್ಲಬಹುದು. ಒಣಗೋ ತನಕ ಬಿಡಬಾರದು."

"ಸಂತ್ಯಾ, ಹಿಡಿ."

"ಅವ್ವಾ, ಮುಹೂರ್ತ ಹೋಗ್ತೈತಿ!"

"ಹೋಗ್ಲಿ ಬಿಡು. ಒಳಗ ಮನಿ ಬೀಳಾಕತ್ತಿದ್ರ ಹೊರಗ ಎಂಥಾ ಹಾಲು ಉಕ್ಕಸ್ತೀ? ಅಷ್ಟು ನೀರು ಕುಡದೂ ನಿಂತೈತಿ ಅದು. ಅದನ್ನ ನೀ ಕೆಡವ್ತೀ? ನನ್ನ ಕಡಿಂದ ಆದದ್ದಿದು. ಹಿಡಿ ಅಂದ್ರ ಹಿಡಿ."

ಮುಂದಿನದು ಮದುವೆ ಮನೆಯ ಗಡಿಬಿಡಿಗಿಂತ ಹೆಚ್ಚಾಯಿತು. ಮೈಥಿಲಿ ಕಾರಿನಿಂದ ಹೆಲ್ಮೆಟ್ಟುಗಳನ್ನೂ ಎರಡು ಮರದ ಕಂಬಗಳನ್ನೂ ತಂದಳು. ತಿರುಪು ತಿರುಗಿಸಿ ಬಿಗಿಯುವ ಕಬ್ಬಿಣದ ಕಂಬಗಳು ಸೋಮವಾರ ಬರಬೇಕಿತ್ತು. ಸದ್ಯಕ್ಕೆ ಇದ್ದವು ಇವೇ, ಅವೂ ಗೇಣು ಗಿಡ್ಡ. ನೆಲಕ್ಕೆ ಹಾಸಿದ್ದ ಪ್ಲೈವುಡ್ ಹಲಗೆಯೊಂದಕ್ಕೆ ದಪ್ಪ ಬಟ್ಟೆ ಸುತ್ತಿದರು. ಅವಳೂ ಸಂತೋಷಕುಮಾರನೂ ಅಟ್ಟಣಿಗೆ ಹತ್ತಿ ಹಲಗೆಯನ್ನು ತಲೆಯ ಮೇಲೆತ್ತಿ ಜೋಲುಬಿದ್ದ ಗಾರೆಗೆ ಮೆಲ್ಲಗೆ ತಾಗಿಸಿದರು. ನಿವೇದಿತಾ ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿನಿಂದ ಕಂಬ ಕೊಟ್ಟಳು. ಕಂಬದ ಬುಡಕ್ಕೆ ಮರದ ತುಂಡು ಪೇರಿಸಿದರು.

"ಒತ್ತಬೇಡಿ! ತಾಗಿಸಿ ಅಂದರೆ ಒತ್ತೋದಲ್ಲ!" ಎಂದು ಮೈಥಿಲಿ ಕಿರುಚಿದಳು.

"ನಾನೇನೂ ಒತ್ತಿಲ್ಲ!" ಎಂದು ಸಂತೋಷಕುಮಾರನೂ ಕಿರುಚಿದ.

ಹಲಗೆ ನಿಂತಿತು. ಆದರೆ ಪೇರಿಸಿದ ತುಂಡುಗಳ ಮೇಲೆ ಕಂಬಗಳು ಕೈಬಿಟ್ಟರೆ ಅಲ್ಲಾಡುತ್ತಿದ್ದವು. ಸರಿಯಾದ ಕಂಬ ತರುವ ತನಕ ಯಾರಾದರೂ ಹಿಡಿದು ನಿಲ್ಲಲೇಬೇಕು. ನಿವೇದಿತಾ ಕಾರಿನ ಕೀ ತೆಗೆದುಕೊಂಡಳು. "ಎಷ್ಟು ಕಂಬ? ಫ್ಯಾನು ಬೇಕಾ?" ಎಂದು ಕೇಳಿ, ಮುಡಿ ತುಂಬ ಮಲ್ಲಿಗೆ, ತಲೆಯ ಮೇಲೆ ಹಳದಿ ಹೆಲ್ಮೆಟ್ಟು ಸಮೇತ ಹಾರ್ಡ್‌ವೇರ್ ಅಂಗಡಿಗೆ ಹೊರಟಳು.

ಹೀಗೆ ಗೃಹಪ್ರವೇಶದ ಮುಹೂರ್ತದಲ್ಲಿ ಮನೆಯೊಡತಿ ಅಂಗಡಿಯಲ್ಲಿದ್ದಳು. ಯಜಮಾನ ಊಟದ ಕೋಣೆಯಲ್ಲಿ ಒಂದು ಕಂಬ ತಬ್ಬಿ ನಿಂತಿದ್ದ, ಇನ್ನೊಂದು ಕಂಬವನ್ನು ಮೈಥಿಲಿ ತಬ್ಬಿದ್ದಳು. ಪುರೋಹಿತರು ಪಾಪ, ಅನುಭವಸ್ಥರು. ದಂಪತಿ ಕೂರಬೇಕು ಎಂದು ಒಂದು ಸಲ ಹೇಳಿ ನೋಡಿದರು. ದ್ಯಾಮವ್ವನ ಮುಖ ನೋಡಿ, ಸಂಕಲ್ಪದಲ್ಲಿ ಹೆಸರು ಬಂದರೆ ಸಾಕು ಎಂದುಬಿಟ್ಟರು. ಹಿತ್ತಲ ಕಿಟಕಿಯಿಂದ ಅವರು ಹೆಸರು, ನಕ್ಷತ್ರ ಕೇಳಿದರು. ಒಳಗಿನಿಂದ ಸಂತೋಷಕುಮಾರ ಕೂಗಿ ಹೇಳಿದ.

ಹಲಗೆಯ ಅಂಚಿನಿಂದ ತಣ್ಣನೆಯ ನೀರು ತೊಟ್ಟುತೊಟ್ಟಾಗಿ ಮೈಥಿಲಿಯ ಕುತ್ತಿಗೆಯ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಕೈಯಿಲ್ಲ. ತೋಳು ಸೆಳೆಯುತ್ತಿತ್ತು. ಕಾಲ ಬಳಿ ಗಾರೆಯ ಗೊನೆಯೊಂದು ಇಡಿಯಾಗಿ ಬಿದ್ದಿತ್ತು. ಅದನ್ನು ಎತ್ತಿಟ್ಟರೆ ಅಚ್ಚು ತೆಗೆದು ಮತ್ತೆ ಎರಕ ಹೊಯ್ಯಬಹುದು, ಬಿದ್ದ ಮೂಲೆಯನ್ನು ಕಟ್ಟಬಹುದು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕತೊಡಗಿತು. ಯಾರಿಗಾಗಿ? ಸೋಮವಾರ ಆ ಬೆಣ್ಣೆಮಾತಿನವನು ಬಂದು ಎಲ್ಲವನ್ನೂ ಎಳೆದು ಹಾಕುತ್ತಾನೆ. ಈ ಊರಿನಲ್ಲಿ ಇನ್ನು ಒಂದು ಮನೆಯನ್ನೂ ನೋಡುವುದಿಲ್ಲ, ಇದೇ ಕೊನೆ ಎಂದು ಅವಳು ನಿರ್ಧರಿಸಿದಳು. ಹೋದ ಸಲವೂ ಹೀಗೇ ನಿರ್ಧರಿಸಿದ್ದಳು.

ಎದುರಿಗೆ ಸಂತೋಷಕುಮಾರ ಕತ್ತೆತ್ತಿ ಹಲಗೆಯನ್ನೇ ನೋಡುತ್ತಿದ್ದ. ಮೇಲೆ ಎಲ್ಲೋ ಗಾರೆ ಚಿಟಕ್ಕೆಂದಿತು. ಏನೂ ಬೀಳಲಿಲ್ಲ.

"ಹೋಯ್ತು ಅಂದ್ಕೊಂಡೆ," ಎಂದ ಅವನು, ಬೆವರುತ್ತ.

"ಹೋದರೆ ನಿಮಗೆ ಒಳ್ಳೇದೇ ಅಲ್ವಾ?"

ಅವನು ಕಂಬವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದ.

ಹಿತ್ತಲಲ್ಲಿ ಗಂಟೆ ಮೊಳಗಿತು. ಹಾಲು ಉಕ್ಕಿತೆಂದು ಪುರೋಹಿತರು ಸಾರಿದರು. ಸ್ವಲ್ಪ ಹೊತ್ತಿಗೆ ದ್ಯಾಮವ್ವ ಬಟ್ಟಲು ಹಿಡಿದು ಒಳಗೆ ಬಂದಳು. ಮೈಥಿಲಿ ಬೇಡ ಬೇಡ ಎಂದರೂ ಕೇಳದೆ, ಸೆರಗು ಹೊದ್ದ ತಲೆಯ ಮೇಲೆ ಉಳಿದ ಹೆಲ್ಮೆಟ್ಟನ್ನು ತಾನೇ ಇಟ್ಟುಕೊಂಡು, ಹಲಗೆಯ ಕೆಳಗೇ ಬಂದು ನಿಂತಳು. ಬಟ್ಟಲಲ್ಲಿ ಮನೆಯಿಂದ ಮಾಡಿ ತಂದ ಗೋದಿ ಹುಗ್ಗಿ, ಮೇಲೆ ಈಗಷ್ಟೇ ಉಕ್ಕಿದ ಹಾಲು. ಮೊದಲ ಚಮಚ ಮಗನ ಬಾಯಿಗೆ ಹೋಯಿತು. ಎರಡನೆಯದು ಮೈಥಿಲಿಯ ಮುಂದೆ ಬಂತು.

"ನನಗೆ ಬೇಡ ಅಮ್ಮ. ನನಗೆ ತುಂಬಾ ಸಿಟ್ಟು ಬಂದಿದೆ."

"ಬರಬೇಕು. ನಾ ಆಗಿದ್ರ ಹೊಡದಿರ್ತಿದ್ನಿ. ಬಾಯಿ ತಗಿ."

ಸಿಟ್ಟಿನಲ್ಲೇ ಬಾಯಿ ತೆಗೆದಳು. ಹುಗ್ಗಿ ಬಿಸಿಯಾಗಿತ್ತು.

ಆಗ ಸಂತೋಷಕುಮಾರನ ಅಂಗಿಯ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಅವನು ಕಂಬ ಬಿಡುವಂತಿರಲಿಲ್ಲ. ದ್ಯಾಮವ್ವ ಬಟ್ಟಲನ್ನು ಎಡಗೈಗೆ ಬದಲಿಸಿ, ಜೇಬಿಗೆ ಕೈಹಾಕಿ ಫೋನ್ ತೆಗೆದು ಕಿವಿಗೆ ಹಿಡಿದಳು. ಹನುಮಂತರಾಜುವಿನ ದನಿ ಕೋಣೆಗೆಲ್ಲ ಕೇಳುವಷ್ಟು ದೊಡ್ಡದಿತ್ತು. "ಸಾರ್, ಮೆಸೇಜ್ ಕೇಳ್ದೆ! ನಾನು ಮೊದ್ಲೇ ಹೇಳಿರ್ಲಿಲ್ವಾ? ಇವತ್ತೇ ಹುಡುಗರನ್ನ ಕಳಿಸ್ಲಾ, ಎಳೆದು ಹಾಕಿಸ್ಬಿಡ್ಲಾ?"

"ಇವತ್ತ ಎಳದ ಹಾಕ್ತೀನಿ ಅನ್ನಾಕತ್ತಾನ," ಎಂದು ದ್ಯಾಮವ್ವ ಮಗನ ಮುಖ ನೋಡಿದಳು. ಮೈಥಿಲಿ ಏನೋ ಹೇಳಲು ಹೋದಳು. ಬಾಯಿ ತುಂಬ ಹುಗ್ಗಿಯಿತ್ತು.

ಸಂತೋಷಕುಮಾರ ಮೇಲೆ ನೋಡಿದ. ಹಲಗೆಯ ಆಚೆಗೆ ಬಳ್ಳಿ ಗೋಡೆಯುದ್ದಕ್ಕೂ ಇನ್ನೂ ಹರಿದಿತ್ತು. ಒದ್ದೆಯಾಗಿ ಕಂದು ತಿರುಗಿದ ಗೊನೆಗಳು ಇದ್ದಲ್ಲೇ ಇದ್ದವು.

"ಬ್ಯಾಡ ಅಂತ ಹೇಳವ್ವಾ," ಎಂದ.

"ಇವತ್ತ ಬ್ಯಾಡೋ, ಸೋಮವಾರನೂ ಬ್ಯಾಡೋ?"

"ಎಂದೂ ಬ್ಯಾಡ ಅನ್ನು. ಇಷ್ಟೊತ್ತು ಹಿಡ್ಕೊಂಡು ನಿಂತೀನಿ ನಾ!"

ದ್ಯಾಮವ್ವ ಫೋನನ್ನು ಬಾಯಿಯ ಹತ್ತಿರ ತಂದು, ಊರಿಗೆ ಕೇಳುವಂತೆ ಹೇಳಿದಳು. "ತಮ್ಮಾ, ಎಳಿಯೂದು ಏನಿಲ್ಲ. ನನ್ನ ಮಗನ ಕೈ ಖಾಲಿ ಇಲ್ಲೀಗ. ಮನಿ ಹಿಡಕೊಂಡು ನಿಂತಾನ."

ಫೋನ್ ಜೇಬಿಗೆ ಹೋಯಿತು. ಮೈಥಿಲಿಯ ಕುತ್ತಿಗೆಯ ಮೇಲೆ ಇನ್ನೊಂದು ತೊಟ್ಟು ಬಿತ್ತು. ಹುಗ್ಗಿ ನುಂಗಿ, "ನಾಳೆಯಿಂದ ಈ ಮನೆಯಲ್ಲಿ ಯಾರೂ ಬಕೆಟ್ ಮುಟ್ಟಬಾರದು," ಎಂದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಯುವ ಲಕ್ಷಣವೂ ಇರಲಿಲ್ಲ. ದ್ಯಾಮವ್ವ ತನ್ನ ಹೊಸ ಸೀರೆಯ ಸೆರಗಿನಿಂದ ಅವಳ ಕುತ್ತಿಗೆ ಒರೆಸಿದಳು. ಆಮೇಲೆ ಮುಂದಿನ ತೊಟ್ಟು ಬೀಳುವ ಜಾಗಕ್ಕೆ ತನ್ನ ಅಂಗೈ ಒಡ್ಡಿ, ಹಾಗೆಯೇ ನಿಂತಳು.